ಗುಂಡಗಾಗದ ಲೇಖನಿ

ಮೂರು ತಲೆಮಾರು ಬಾಳಿದ ನಮ್ಮ ಊರಿನ ಮನೆಯನ್ನು ಕೆಡವಿಸಿದಾಗ ಅಣ್ಣನ ಪಾಲಿಗೆ ತಾಮ್ರದ ಹಂಡೆ ಬಂತು. ಅಕ್ಕ ದೇವರ ಮನೆಯ ದೀಪದ ಕಂಬಗಳನ್ನು ತೆಗೆದುಕೊಂಡಳು. ತಂಗಿ ತೊಟ್ಟಿಲನ್ನು ಕೇಳಿ ಪಡೆದಳು. ನಾನು ಬೇಡಿದ್ದು ನಡುಮನೆಯ ಬಾಗಿಲುವಾಡದ ಒಂದು ತೇಗದ ತುಂಡನ್ನು ಮಾತ್ರ. “ಇವನ ಜೊತೆಗೆ ಇವನ ಬುದ್ಧಿಯೂ ನಿವೃತ್ತಿ ಹೊಂದಿತು” ಎಂದು ಅಣ್ಣ ನಕ್ಕ. ನಾನೂ ನಕ್ಕೆ; ಆದರೆ ತುಂಡನ್ನು ಬಿಡಲಿಲ್ಲ.

ಆ ಬಾಗಿಲುವಾಡಕ್ಕೆ ಒರಗಿ ಕುಳಿತೇ ನಮ್ಮ ತಂದೆಯವರು ತಮ್ಮ ಅಧ್ಯಾಪಕ ವೃತ್ತಿಯ ಕಾಲವೆಲ್ಲ ಮಕ್ಕಳ ಪರೀಕ್ಷೆಯ ಕಾಗದಗಳನ್ನು ತಿದ್ದುತ್ತಿದ್ದರು. ಅವರ ಬೆನ್ನು ತಾಗಿ ತಾಗಿ ಮರದ ಆ ಭಾಗವು ಎಣ್ಣೆ ಹಚ್ಚಿದಂತೆ ಮಿನುಗುತ್ತಿತ್ತು. ಕೈಯಲ್ಲಿ ಕೆಂಪು ಮಸಿಯ ಲೇಖನಿ, ಬೆನ್ನಿಗೆ ತೇಗದ ಮರ. ಅವರ ನೆನಪಾದಾಗಲೆಲ್ಲ ನನ್ನ ಕಣ್ಣಿಗೆ ಕಟ್ಟುವ ಚಿತ್ರ ಇದೇ. ಆ ಎರಡನ್ನೂ ಒಂದುಗೂಡಿಸಿ, ಆ ಮರದಿಂದಲೇ ಮಕ್ಕಳು ನಾಲ್ವರಿಗೂ ಒಂದೊಂದು ಲೇಖನಿಯನ್ನು ಕಡೆದು, ಮುಂದಿನ ಶ್ರಾದ್ಧಕ್ಕೆ ಎಲ್ಲರೂ ಕೂಡಿದಾಗ ಅವರವರ ಕೈಯಲ್ಲಿಡಬೇಕೆಂಬುದು ನನ್ನ ಆಸೆಯಾಗಿತ್ತು.

ಆಸೆಯೇನೋ ದೊಡ್ಡದು, ಮರ ಮಾತ್ರ ಚಿಕ್ಕದು. ಬಾಗಿಲುವಾಡದ ಕೆಳತುದಿ ನೀರು ಕುಡಿದು ಕೊಳೆತಿತ್ತು. ಮೇಲ್ತುದಿಯ ತುಂಬ ತೋರಣದ ಮೊಳೆಗಳ ಗಾಯ. ಒಳ್ಳೆಯ ಮರವನ್ನೆಲ್ಲ ಆಯ್ದು ಕೊಯ್ದಾಗ ನನಗೆ ದಕ್ಕಿದ್ದು ಹತ್ತೇ ತುಂಡು. ಒಂದು ಲೇಖನಿಗೆ ಮೇಲಣ ಅರ್ಧಕ್ಕೊಂದು, ಕೆಳಗಣ ಅರ್ಧಕ್ಕೊಂದು ಎಂದು ಎರಡು ತುಂಡು ಬೇಕು. ಎಂದರೆ ಒಟ್ಟು ಐದು ಲೇಖನಿ. ನಾಲ್ಕು ನಮಗೆ, ಒಂದು ಕೈತಪ್ಪಿಗೆ. ಒಂದು ತಪ್ಪಿನ ಅವಕಾಶ ಧಾರಾಳವಾಯಿತೆಂದೇ ನಾನು ಅಂದು ಬಗೆದಿದ್ದೆ!

ಮೊದಲು ಕೆಲಸದ ಪರಿಚಯ

ಮರವನ್ನು ಸುತ್ತಿಸಿ ಉಳಿಯಿಂದ ಕಡೆಯುವ ಯಂತ್ರಕ್ಕೆ ಇಂದು ಲೇತ್ ಎಂಬ ಹೆಸರು ರೂಢಿಯಾಗಿದೆ. ನಮ್ಮ ಹಳೆಯ ಮಾತು ತಿರುಗಣೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಕನ್ನಡಿಯಂತೆ ಮಿನುಗುವ ಗುಂಡುಕಂಬಗಳನ್ನು ಕಂಡವರಿಗೆ ಈ ವಿದ್ಯೆ ನಮಗೆ ಹೊಸತಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ನನ್ನದು ಮೈಸೂರಿನ ನಮ್ಮ ಮನೆಯ ಹಿತ್ತಲ ಕೋಣೆಯಲ್ಲಿ, ಮೇಜಿನ ಮೇಲೆ ಕೂರುವ ಪುಟ್ಟ ತಿರುಗಣೆ. ಅದರ ಎಡಗಡೆಯ ತಲೆಭಾಗಕ್ಕೆ ವಿದ್ಯುತ್ತಿನ ಬಲ. ಬಲಗಡೆಯ ಬಾಲಭಾಗದಲ್ಲಿ ತಾನೂ ತಿರುಗಬಲ್ಲ ಒಂದು ಮೊನೆ.

ಲೇಖನಿಯನ್ನು ಕಡೆಯುವ ಕ್ರಮ ಇಷ್ಟು. ಮುಕ್ಕಾಲು ಇಂಚು ದಪ್ಪದ ಚೌಕ ತುಂಡಿನ ನಡುವೆ ಉದ್ದಕ್ಕೂ ರಂಧ್ರ ಕೊರೆದು, 7 ಮಿಲಿಮೀಟರು ದಪ್ಪದ ಹಿತ್ತಾಳೆಯ ಕೊಳವೆಯನ್ನು ಅಂಟಿನಿಂದ ಕೂಡಿಸಬೇಕು. ಹೀಗೆ ಸಿದ್ಧವಾದ ಎರಡು ತುಂಡುಗಳನ್ನು ಮ್ಯಾಂಡ್ರೆಲ್ ಎಂಬ ಉಕ್ಕಿನ ಸಲಾಕೆಗೆ ಪೋಣಿಸಬೇಕು. ತುಂಡುಗಳ ನಡುವೆಯೂ ಎರಡು ತುದಿಗಳಲ್ಲಿಯೂ ಬುಶಿಂಗ್ ಎಂಬ ಉಕ್ಕಿನ ಬಳೆಗಳನ್ನಿಡಬೇಕು. ಮರವನ್ನು ಎಷ್ಟರವರೆಗೆ ತೆಗೆಯಬೇಕೆಂಬುದಕ್ಕೆ ಆ ಬಳೆಗಳೇ ಅಳತೆ. ಕೊನೆಯಲ್ಲಿ ನಟ್ಟಿನಿಂದ ಬಿಗಿದು, ಸಲಾಕೆಯ ತುದಿಗೆ ಬಾಲಭಾಗದ ಮೊನೆಯನ್ನು ತಾಗಿಸಿ, ಮರವು ಬಳೆಗಳ ಮಟ್ಟಕ್ಕೆ ಬರುವವರೆಗೆ ಕಡೆಯುವುದು.

ಮುಗಿದ ಲೇಖನಿಯ ಮರ ತುದಿಗಳಲ್ಲಿ 8 ಮಿಲಿಮೀಟರಿಗಿಂತ ತುಸುವೇ ದಪ್ಪ. ಅದರಲ್ಲಿ ಕೊಳವೆಯೇ 7 ಮಿಲಿಮೀಟರು. ಎಂದರೆ ಕೊಳವೆಯ ಸುತ್ತ ಉಳಿಯುವ ಮರದ ಗೋಡೆ ಅರ್ಧ ಮಿಲಿಮೀಟರಿಗಿಂತ ಸ್ವಲ್ಪವೇ ಹೆಚ್ಚು! ಅದು ಕೂದಲೆಳೆಯಷ್ಟು ಒಂದು ಪಕ್ಕಕ್ಕೆ ಸರಿದರೂ ಸಾಕು, ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳುವು. ಮೇಜಿನ ಕಾಲಿನಲ್ಲಿ ಯಾರ ಕಣ್ಣಿಗೂ ಬೀಳದ ದೋಷವು ಲೇಖನಿಯಲ್ಲಿ ಉಗುರಿಗೆ ತಾಗುತ್ತದೆ.

ನಾಲ್ಕು ತುಂಡುಗಳ ಬಲಿ

ಮೊದಲನೆಯ ಲೇಖನಿ ತಿರುಗಣೆಯ ಮೇಲೆ ಸುತ್ತುತ್ತಿದ್ದಾಗ ನೋಡಬೇಕಾಗಿತ್ತು! ಅಷ್ಟು ಗುಂಡು, ಅಷ್ಟು ನುಣುಪು. ಮೇಣ ತೀಡಿ, ಸಲಾಕೆಯಿಂದ ಬಿಡಿಸಿ, ಲೋಹದ ಭಾಗಗಳನ್ನು ಕೂಡಿಸಿದೆ. ನಡುವಿನ ಉಂಗುರದ ಬಳಿ ಬೆರಳಾಡಿಸಿದೊಡನೆ ನನ್ನ ಹಿಗ್ಗು ಇಳಿಯಿತು. ಒಂದು ಪಕ್ಕದಲ್ಲಿ ಮರ ಉಂಗುರಕ್ಕಿಂತ ಮೇಲೆದ್ದು ಮೆಟ್ಟಿಲಾಗಿದೆ. ಎದುರು ಪಕ್ಕದಲ್ಲಿ ಉಂಗುರ ಮರಕ್ಕಿಂತ ಮೇಲೆದ್ದಿದೆ.

“ಮುದಿಮರ, ಎಲ್ಲೋ ಸೊಟ್ಟಗಾಗಿರಬೇಕು” ಎಂದು ತಪ್ಪನ್ನು ಮರದ ಮೇಲೆ ಹೊರಿಸಿದೆ. ಎರಡನೆಯ ಲೇಖನಿಯಲ್ಲಿ ಸಲಾಕೆ ಅಲುಗಬಾರದೆಂದು ನಟ್ಟನ್ನು ಇಕ್ಕುಳದಿಂದ ಇನ್ನಷ್ಟು ಬಿಗಿದೆ. ಬಾಲಭಾಗದ ಮೊನೆಯನ್ನು ಕೈಸೋಲುವವರೆಗೆ ಒತ್ತಿದೆ. ಫಲ ಮೊದಲಿಗಿಂತ ಕೆಟ್ಟದಾಯಿತು. ಆಗಲೂ ಬುದ್ಧಿ ಬರಲಿಲ್ಲ. ಮೇಲೆದ್ದ ಪಕ್ಕವನ್ನು ಮರಳುಕಾಗದದಿಂದ ತೀಡಿ ತಗ್ಗಿಸಿಬಿಡುವೆನೆಂದು ಹೊರಟೆ. ಹತ್ತು ನಿಮಿಷ ತೀಡಿದ ಮೇಲೆ ಒಂದು ಕಡೆ ಮರವೇ ಹರಿದು, ಒಳಗಿನ ಹಿತ್ತಾಳೆ ನನ್ನನ್ನು ನೋಡಿ ಹಲ್ಲು ಕಿರಿಯಿತು.

ಹತ್ತರಲ್ಲಿ ನಾಲ್ಕು ತುಂಡುಗಳು ಹೋದವು. ಉಳಿದ ಆರರಿಂದ ಮೂರೇ ಲೇಖನಿ. ಇನ್ನೊಂದು ತುಂಡು ಕೆಟ್ಟರೆ ಅಕ್ಕನಿಗೆ ಕೊಟ್ಟು ತಂಗಿಗಿಲ್ಲವೆನ್ನಬೇಕು. ನಮ್ಮ ತಂದೆಯವರ ಬೆನ್ನು ತಾಗಿದ ಆ ಮರವನ್ನು ಯಾವ ಅಂಗಡಿಯಿಂದ ತರಲಿ? ಉಳಿಯನ್ನು ಕೆಳಗಿಟ್ಟು ತಿರುಗಣೆಯ ಮೇಲೆ ಬಟ್ಟೆ ಹೊದಿಸಿ ಹೊರಬಂದೆ. ಆ ರಾತ್ರಿ ಊಟ ರುಚಿಸಲಿಲ್ಲ.

ಚನ್ನಪಟ್ಟಣದಲ್ಲಿ ಕೇಳಿದ ಮಾತು

ಮುಂದಿನ ವಾರ ಬೆಂಗಳೂರಿಗೆ ಹೋಗುವ ಕೆಲಸ ಬಿತ್ತು. ಬೆಂಗಳೂರಿಗೆ ಸುಮಾರು 60 ಕಿಲೋಮೀಟರು ಮೊದಲೇ, ಆ ಹಾದಿಯಲ್ಲೇ ಇದೆ ಚನ್ನಪಟ್ಟಣ. ಆಲೆಮರವನ್ನು ಕಡೆದು, ತಿರುಗುವ ಮರಕ್ಕೆ ಬಣ್ಣದ ಅರಗನ್ನು ಒತ್ತಿ ಹಿಡಿದು, ಆ ಉಜ್ಜಿನ ಬಿಸಿಯಲ್ಲೇ ಅರಗನ್ನು ಕರಗಿಸಿ ಬಣ್ಣವೇರಿಸುವ ಊರು ಅದು. ಅಲ್ಲಿನ ಗೊಂಬೆಗಳಿಗೆ 2005ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಹುಟ್ಟಿದಾಗಿನಿಂದ ತಿರುಗಣೆಯ ಸದ್ದು ಕೇಳಿದವರಿಗೆ ನನ್ನ ರೋಗದ ಮೂಲ ತಿಳಿಯದಿರುವುದೇ ಎಂದು ಅಲ್ಲಿಳಿದೆ. ಜೇಬಿನಲ್ಲಿ ಕೆಟ್ಟ ಲೇಖನಿಯಿತ್ತು.

ಒಂದು ಕೆಲಸದ ಮನೆಯಲ್ಲಿ ನರೆತ ಗಡ್ಡದ ಹಿರಿಯರೊಬ್ಬರು ಗಿಲಕಿಗಳನ್ನು ಕಡೆಯುತ್ತಿದ್ದರು. ಕೋಲಿನಂತಹ ಮರವೊಂದರ ಬುಡವನ್ನು ತಿರುಗಣೆಯ ತಲೆಗೆ ಭದ್ರಪಡಿಸಿದ್ದರು. ಅದರಲ್ಲೇ ಆಕಾರ ಕಡೆದರು. ಅದರಲ್ಲೇ ಮರಳುಕಾಗದ ಹಿಡಿದರು. ಅದರಲ್ಲೇ ಅರಗಿನ ಬಣ್ಣವೇರಿಸಿ ತಾಳೆಗರಿಯಿಂದ ಹೊಳಪು ಕೊಟ್ಟರು. ಎಲ್ಲ ಮುಗಿದ ಮೇಲೆಯೇ ಉಳಿಯ ಮೊನೆಯಿಂದ ಅದನ್ನು ಕತ್ತರಿಸಿ ಮಡಿಲಿಗೆ ಬೀಳಿಸಿಕೊಂಡರು. ನಡುವೆ ಒಮ್ಮೆಯೂ ಬಿಚ್ಚಲಿಲ್ಲ, ಮತ್ತೆ ಸಿಕ್ಕಿಸಲಿಲ್ಲ.

ನನ್ನ ಲೇಖನಿಯನ್ನು ಅವರ ಕೈಗಿತ್ತೆ. ಅವರು ಕಣ್ಣಿನಿಂದ ನೋಡಲೇ ಇಲ್ಲ. ಹೆಬ್ಬೆರಳ ಉಗುರನ್ನು ಸುತ್ತಲೂ ಆಡಿಸಿದರು.

“ಮರ ಚೆನ್ನಾಗಿದೆ. ಉಳಿಯೂ ಕೆಟ್ಟದಾಗಿ ಓಡಿಲ್ಲ. ಹಿಡಿದದ್ದು ಸರಿಯಿಲ್ಲ ಸ್ವಾಮಿ” ಎಂದರು.

“ಗಟ್ಟಿಯಾಗಿಯೇ ಹಿಡಿದಿದ್ದೆನಲ್ಲ!” ಎಂದೆ.

“ಅದಕ್ಕೇ ಇರಬೇಕು” ಎಂದು ನಕ್ಕು ಮುಂದಿನ ಗಿಲಕಿಗೆ ಕೈಹಾಕಿದರು.

ಮನೆಗೆ ಬರುವವರೆಗೂ ಆ ಮಾತೇ ತಲೆಯಲ್ಲಿ ಸುತ್ತುತ್ತಿತ್ತು. ಅವರ ಮರಕ್ಕೆ ಹಿಡಿತ ಒಂದೇ. ಕಡೆದುದೂ ಅದರಲ್ಲೇ, ಮುಗಿದುದೂ ಅದರಲ್ಲೇ. ಆದುದರಿಂದ ಅದರ ನಡುವು ಬದಲಾಗುವ ಪ್ರಶ್ನೆಯೇ ಇಲ್ಲ. ನನ್ನ ಲೇಖನಿಯಾದರೋ ಕೊಳವೆ, ಬಳೆ, ಸಲಾಕೆ, ನಟ್ಟು, ಮೊನೆ ಎಂಬ ಐದು ಕೈಗಳ ನಡುವೆ ನಿಂತ ವಸ್ತು. ಐದರಲ್ಲಿ ಒಂದು ಕೈ ಓರೆಯಾದರೂ ಮರಕ್ಕೆ ಕೇಡು.

ಗುಂಡಗಿಲ್ಲವೋ, ನಡುವಿಗಿಲ್ಲವೋ?

ಈ ಸಲ ತೇಗದ ತುಂಡುಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಬಡಗಿಯ ಅಂಗಡಿಯಿಂದ ಸೌದೆಗೆ ಹೋಗಲಿದ್ದ ಸಿಲ್ವರ್ ಓಕ್ ಮರದ ಚೂರುಗಳನ್ನು ತಂದು ಪರೀಕ್ಷೆಗೆ ತೊಡಗಿದೆ. ಮತ್ತೆ ಸಿಗದ ಮರದ ಮೇಲೆ ವಿದ್ಯೆ ಕಲಿಯಬಾರದೆಂಬುದು ಇಲ್ಲಿ ನಾನು ಕಲಿತ ಮೊದಲ ಪಾಠ.

ಎರಡನೆಯ ಪಾಠವನ್ನು ಕ್ಯಾಲಿಪರು ಕಲಿಸಿತು. ಕೆಟ್ಟ ಮೊದಲ ಲೇಖನಿಯ ತುದಿಯನ್ನು ಒಂದು ದಿಕ್ಕಿನಲ್ಲಿ ಅಳೆದೆ. ಸ್ವಲ್ಪ ತಿರುಗಿಸಿ ಮತ್ತೆ ಅಳೆದೆ. ಹೀಗೆ ನಾಲ್ಕು ದಿಕ್ಕು. ನಾಲ್ಕೂ ಒಂದೇ! ಎಂದರೆ ಲೇಖನಿ ಗುಂಡಗೇ ಇತ್ತು. ಅದರ ಹೊರಮೈಯ ನಡುವೂ ಒಳಗಿನ ಕೊಳವೆಯ ನಡುವೂ ಬೇರೆ ಬೇರೆಯಾಗಿದ್ದವು, ಅಷ್ಟೇ. ಹೂರಣ ಒಂದು ಪಕ್ಕಕ್ಕೆ ಸರಿದ ಹೋಳಿಗೆಯನ್ನು ನೆನೆಸಿಕೊಳ್ಳಿ. ಹೊರಗಿನಿಂದ ಹೋಳಿಗೆ ಪೂರ್ಣ ಚಂದ್ರನಂತೆ ದುಂಡು. ಮುರಿದಾಗ ಒಂದು ಕಡೆ ಬರಿಯ ಕಣಕ. ಎರಡನೆಯ ಲೇಖನಿಯನ್ನು ಅಳೆದಾಗ ಮಾತ್ರ ಅಳತೆ ದಿಕ್ಕುದಿಕ್ಕಿಗೆ ಬೇರೆಯಾಯಿತು. ಅದು ನಡುವೂ ತಪ್ಪಿ, ನನ್ನ ಮರಳುಕಾಗದದ ಪುಣ್ಯದಿಂದ ಮೊಟ್ಟೆಯಾಕಾರವೂ ಆಗಿತ್ತು.

ಈ ಎರಡು ರೋಗಗಳನ್ನು ಬೇರ್ಪಡಿಸದೆ ಮದ್ದು ಕೊಡಹೋದರೆ ನನ್ನ ಗತಿಯೇ ಆಗುವುದು. ಎಲ್ಲ ದಿಕ್ಕಿನ ಅಳತೆ ಒಂದೇ ಆಗಿದ್ದು ಮೆಟ್ಟಿಲು ಕಂಡರೆ ದೋಷ ಹಿಡಿತದಲ್ಲಿದೆ. ಅಳತೆಗಳೇ ಬೇರೆಯಾದರೆ ದೋಷವು ಉಳಿಯಲ್ಲೋ, ಮರಳುಕಾಗದದಲ್ಲೋ, ಮರದ ಹಸಿತನದಲ್ಲೋ ಇದೆ.

ಬಿಗಿಯ ಮೋಹ

ಹಿಡಿತದ ದೋಷಗಳಲ್ಲಿ ಮೊದಲನೆಯದು, ನನ್ನ ಅನುಭವದಲ್ಲಿ ದೊಡ್ಡದು, ಅತಿಬಿಗಿ. ಕಾಲು ಇಂಚಿನಷ್ಟೂ ದಪ್ಪವಿಲ್ಲದ ಉಕ್ಕಿನ ಸಲಾಕೆ ಅದು. ಬಿದಿರಿನ ಸೀಳೊಂದರ ಎರಡು ತುದಿಗಳನ್ನು ಅಂಗೈಗಳ ನಡುವೆ ಒತ್ತಿದರೆ ಅದು ಬಿಲ್ಲಿನಂತೆ ಬಾಗುವುದಿಲ್ಲವೆ? ಬಾಲಭಾಗದ ಮೊನೆಯನ್ನು ಅತಿಯಾಗಿ ಒತ್ತಿದಾಗ ಸಲಾಕೆಯೂ ಹಾಗೆಯೇ ಬಾಗುತ್ತದೆ, ಬಾಗಿದಂತೆಯೇ ಸುತ್ತುತ್ತದೆ. ಉಳಿಯು ಮಾತ್ರ ತಿರುಗಣೆಯ ನಡುವನ್ನೇ ನಂಬಿ ಕಡೆಯುತ್ತ ಹೋಗುತ್ತದೆ. ಆದುದರಿಂದ ಹೊರಮೈ ಗುಂಡು, ಒಳಗಿನ ಕೊಳವೆ ಓರೆ. ಬಿಲ್ಲು ಹೆಚ್ಚು ಬಾಗುವುದು ನಡುವಿನಲ್ಲಿ; ನನ್ನ ಲೇಖನಿಯ ಮೆಟ್ಟಿಲೂ ನಡುವಿನ ಉಂಗುರದ ಬಳಿಯೇ ಇತ್ತು. ಕಳ್ಳ ಹೆಜ್ಜೆಗುರುತನ್ನು ಬಿಟ್ಟೇ ಹೋಗಿದ್ದ, ನಾನು ನೋಡಿರಲಿಲ್ಲ.

ನಟ್ಟಿನ ಬಿಗಿಯೂ ಇಂತಹುದೇ. ತುಂಡುಗಳ ತುದಿಗಳು ನೇರವಾಗಿದ್ದರೆ ನಟ್ಟು ಅಷ್ಟು ಕೇಡು ಮಾಡದು. ಒಂದು ತುದಿ ಕೊಂಚ ಓರೆಯಾಗಿದ್ದರೂ ಬಿಗಿದಂತೆಲ್ಲ ಬಳೆಯೂ ಓರೆಯಾಗಿ, ಅದರೊಡನೆ ಸಲಾಕೆಯೂ ಬಾಗಬೇಕಾಗುವುದು. ಇಕ್ಕುಳ ಬೇಡ; ಬೆರಳಿನ ಬಿಗಿ ಸಾಕು. ಉಳಿ ತಾಗಿದಾಗ ಮರ ಜಾರದಿದ್ದರೆ ಅಷ್ಟೇ ಬಿಗಿ ಎಂದು ತಿಳಿಯಬೇಕು. ಬಾಲಭಾಗದ ಮೊನೆಗೂ ಅಳತೆಯುಂಟು. ವಿದ್ಯುತ್ತನ್ನು ಹಾಯಿಸದೆ ತಿರುಗಣೆಯನ್ನು ಒಂದು ಕೈಯಿಂದ ತಿರುಗಿಸುತ್ತ, ಮೊನೆಯನ್ನು ಮೆಲ್ಲಮೆಲ್ಲನೆ ಮುಂದಕ್ಕೆ ತರಬೇಕು. ಮೊನೆ ತಾನೂ ಸುತ್ತತೊಡಗಿದೊಡನೆ ನಿಲ್ಲಿಸಬೇಕು.

ಸಿಲ್ವರ್ ಓಕಿನ ಎರಡು ತುಂಡುಗಳನ್ನು ಹೀಗೆ ಹಗುರವಾಗಿ ಹಿಡಿದು ಕಡೆದೆ. ಮೆಟ್ಟಿಲು ಅರ್ಧಕ್ಕಿಳಿಯಿತು. ಪೂರ್ತಿ ಹೋಗಲಿಲ್ಲ.

ಒಂದು ಸಲಕ್ಕೆ ಒಂದೇ

ಉಳಿದರ್ಧ ಎಲ್ಲಿ ಅಡಗಿದೆ? ಇಲ್ಲಿ ನನಗೆ ದಾರಿ ತೋರಿದ್ದು ಒಂದು ಸೀಸದ ಕಡ್ಡಿ. ಸಲಾಕೆ, ಬಳೆ, ಮರದ ತುಂಡು, ಮೂರಕ್ಕೂ ಒಂದೇ ಸಾಲಿನಲ್ಲಿ ಗುರುತು ಹಾಕಿದೆ. ಕಡೆದು, ಮೆಟ್ಟಿಲು ಎದ್ದಿರುವುದು ಯಾವ ಪಕ್ಕದಲ್ಲೆಂದು ಬರೆದುಕೊಂಡೆ. ಅನಂತರ ನಟ್ಟನ್ನು ಸಡಿಲಿಸಿ ಬಳೆಯೊಂದನ್ನೇ ಅರ್ಧ ಸುತ್ತು ತಿರುಗಿಸಿ ಮತ್ತೆ ಹಿಡಿದು ನೋಡಿದೆ. ಮೆಟ್ಟಿಲು ಬಳೆಯೊಡನೆ ಸರಿದರೆ ಬಳೆ ಅಪರಾಧಿ. ಸರಿಯದಿದ್ದರೆ ಮುಂದೆ ಮರದ ತುಂಡನ್ನು ಅರ್ಧ ಸುತ್ತು ತಿರುಗಿಸಿ ನೋಡಬೇಕು. ಎತ್ತರದ ಪಕ್ಕವು ತುಂಡಿನ ಗುರುತನ್ನೇ ಬಿಡದೆ ಹಿಂಬಾಲಿಸಿದರೆ ಆ ತುಂಡಿನ ತುದಿಯನ್ನು ಶಂಕಿಸಬೇಕು. ಆ ತುಂಡು ಕಡೆದುಹೋಗಿರುವುದರಿಂದ ಸಲಾಕೆಯ ಪರೀಕ್ಷೆಗೆ ಹೊಸ ತುಂಡೇ ಬೇಕು: ಎಷ್ಟು ಹೊಸ ತುಂಡು ಹಾಕಿದರೂ ಸಲಾಕೆಯ ಗುರುತಿನ ಪಕ್ಕದಲ್ಲೇ ಮೆಟ್ಟಿಲು ಏಳುವುದಾದರೆ ಸಲಾಕೆಯೇ ಸೊಟ್ಟ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಸಾಕ್ಷಿಗಳಿಬ್ಬರೂ ಒಮ್ಮೆಗೇ ಕೂಗಿದಂತಾಗಿ ಯಾರ ಮಾತೂ ತಿಳಿಯದು.

ಸಲಾಕೆಯನ್ನು ಪರೀಕ್ಷಿಸಲು ದೊಡ್ಡ ಉಪಕರಣವೇನೂ ಬೇಕಿಲ್ಲ. ಮೇಜಿನ ಗಾಜಿನ ಮೇಲೆ ಅದರ ನೇರ ಭಾಗವನ್ನಿಟ್ಟು ಮೆಲ್ಲನೆ ಉರುಳಿಸಿ, ಆಚೆಯ ಬೆಳಕಿಗೆ ಕಣ್ಣಿಟ್ಟು ನೋಡಿದರಾಯಿತು. ಕೆಳಗೆ ಬೆಳಕಿನ ಗೆರೆ ಒಮ್ಮೆ ಮೂಡಿ ಒಮ್ಮೆ ಮರೆಯಾದರೆ ಅದು ಬಾಗಿದೆ. ಬಾಗಿದ ಸಲಾಕೆಯನ್ನು ಬಡಿದು ನೇರಗೊಳಿಸುವ ಶ್ರಮಕ್ಕಿಂತ ಹೊಸತನ್ನು ಕೊಳ್ಳುವುದೇ ಮೇಲು. ನನ್ನದು ಬಾಗಿತ್ತು. ಇಕ್ಕುಳದ ಪ್ರತಾಪವಲ್ಲದೆ ಮತ್ತೇನು?

ಹೊಸ ಸಲಾಕೆ ಬಂದ ಮೇಲೂ ಎರಡು ಕಡೆ ಎಚ್ಚರ ಬೇಕು. ತಲೆಭಾಗದಲ್ಲಿ ಸಲಾಕೆಯ ಬುಡ ಕೂರುವುದು ಇಳಿಜಾರಾದ ಒಂದು ಕುಳಿಯೊಳಗೆ. ಆ ಕುಳಿಯಲ್ಲಿ ಮರದ ಹುಡಿಯ ಒಂದು ಕಣ ಸಿಕ್ಕಿದರೂ ಬುಡ ಓರೆಯಾಗಿ ಕೂತು, ಲೇಖನಿಯ ಎಡತುದಿ ಕೆಡುವುದು. ಪ್ರತಿ ಸಲವೂ ಬಟ್ಟೆಯಿಂದ ಒರೆಸಿಯೇ ಕೂಡಿಸಬೇಕು. ಬಾಲಭಾಗದಲ್ಲಿ ಸಲಾಕೆಯ ತುದಿಗೆ ಕೊರೆದಿರುವ ಗುಳಿ 60 ಡಿಗ್ರಿ ಕೋನದ್ದು. ಅದನ್ನು ತಾಳುವ ಮೊನೆಯೂ 60 ಡಿಗ್ರಿಯದೇ ಆಗಿರಬೇಕು. ಮರಗೆಲಸದ ಬೇರೆ ಮೊನೆಯನ್ನು ಹಾಕಿದರೆ ಅದು ಗುಳಿಯ ಅಂಚಿಗೆ ಮಾತ್ರ ತಾಗಿ, ಗುಳಿಯನ್ನು ಸವೆಸಿ, ಸಲಾಕೆಯನ್ನು ಕುಣಿಸುತ್ತದೆ. ತಲೆಭಾಗಕ್ಕೂ ಒಂದು ಮೊನೆಯನ್ನು ಹಾಕಿ, ಎರಡು ಮೊನೆಗಳನ್ನೂ ಮುಖಾಮುಖಿ ತಂದು, ಮೇಲಿನಿಂದಲೂ ಪಕ್ಕದಿಂದಲೂ ನೋಡಿದರೆ ತಿರುಗಣೆಯ ತಲೆ ಬಾಲಗಳು ಒಂದೇ ಗೆರೆಯಲ್ಲಿವೆಯೋ ಇಲ್ಲವೋ ತಿಳಿಯುವುದು.

ಇನ್ನು ತುಂಡಿನ ತುದಿಗಳು. ಗರಗಸದಿಂದ ಕೊಯ್ದ ತುದಿ ಕಣ್ಣಿಗೆ ನೇರವಾಗಿ ಕಂಡರೂ ಕೊಳವೆಗೆ ಲಂಬವಾಗಿರುವುದಿಲ್ಲ. ಕೊಳವೆಯ ಒಳಗೆ ಕೂರುವ ಕಡ್ಡಿಯುಳ್ಳ ತುದಿಗೊರೆಯುವ ಉಳಿಯಿಂದ, ಹಿತ್ತಾಳೆ ಮಿನುಗುವವರೆಗೆ ಮಾತ್ರ ಕೊರೆದು ಸಮಗೊಳಿಸಬೇಕು. ಕೊಳವೆಯೊಳಗೆ ಗಟ್ಟಿಯಾದ ಅಂಟಿನ ಹನಿ, ಬಳೆಯ ಮುಖಕ್ಕೆ ಮೆತ್ತಿದ ಮೇಣ, ಇವೂ ಓರೆಗೆ ಕಾರಣವೇ. ಬಳೆಗಳೂ ಚಿರಂಜೀವಿಗಳಲ್ಲ, ಮರಳುಕಾಗದ ತಾಗಿ ತಾಗಿ ಹೊರಗೆ ಸವೆಯುತ್ತವೆ, ಒಳಗೆ ಸಡಿಲವಾಗುತ್ತವೆ. ಅವುಗಳನ್ನೂ ಆಗಾಗ ಅಳೆದು ನೋಡಬೇಕು.

ಮೊಟ್ಟೆಯಾಕಾರದ ಕಾರಣಗಳು

ಹಿಡಿತ ಸರಿಯಾದ ಮೇಲೂ ಮರ ಮೊಟ್ಟೆಯಾಕಾರವಾಗುವುದುಂಟು. ಮರ ಎಲ್ಲ ಕಡೆಗೂ ಒಂದೇ ಗಟ್ಟಿಯಲ್ಲ. ತೇಗದ ವಾರ್ಷಿಕ ಉಂಗುರದಲ್ಲಿ ಬೆಳವಣಿಗೆಯ ಮೊದಲಲ್ಲಿ ಹುಟ್ಟಿದ ಭಾಗ ದೊಡ್ಡ ರಂಧ್ರಗಳಿಂದ ಕೂಡಿ ಮೆತ್ತಗಿರುತ್ತದೆ, ಆಮೇಲಿನದು ಗಟ್ಟಿ. ಉಳಿ ಹರಿತವಾಗಿದ್ದರೆ ಎರಡನ್ನೂ ಸಮನಾಗಿ ಕೊಯ್ಯುತ್ತದೆ. ಮೊಂಡಾದರೆ ನಾವು ಒತ್ತುತ್ತೇವೆ. ಒತ್ತಿದಾಗ ಮೆತ್ತನೆಯ ಕಡೆ ಹೆಚ್ಚು ಹೋಗಿ, ಗಟ್ಟಿಯ ಕಡೆ ಸಲಾಕೆಯೇ ಹಿಂದಕ್ಕೆ ಬಾಗುತ್ತದೆ. ತೇಗದ ಮರದೊಳಗೆ ಮರಳಿನ ಅಂಶವಿರುವುದರಿಂದ ಅದು ಉಳಿಯ ಬಾಯನ್ನು ಬೇಗನೆ ಮೊಂಡಾಗಿಸುತ್ತದೆ. ಆದುದರಿಂದ ತೇಗವನ್ನು ಕಡೆಯುವವನು ಸಾಣೆಕಲ್ಲಿಗೆ ಬೇಸರಿಸಬಾರದು. ಕೊನೆಯ ಹಂತಕ್ಕೆ ಮುನ್ನ ಉಳಿಗೆ ಹೊಸ ಬಾಯಿ ಕೊಟ್ಟು, ನವಿರಾದ ಸಿಪ್ಪೆ ಮಾತ್ರ ಏಳುವಂತೆ ಹಗುರವಾಗಿ ತಾಗಿಸಬೇಕು.

ಮರಳುಕಾಗದವೂ ಮೆತ್ತನೆಯ ಭಾಗವನ್ನೇ ಹೆಚ್ಚು ತಿನ್ನುತ್ತದೆ. ಉಳಿಯಿಂದ ಮುಗಿಸಬೇಕಾದುದನ್ನು ಮರಳುಕಾಗದದಿಂದ ಮುಗಿಸಹೋಗುವುದೇ ತಪ್ಪು. ಅದು ನುಣುಪಿಗೆ ಇರುವುದು, ಆಕಾರಕ್ಕಲ್ಲ. ಹೆಚ್ಚು ಹೊತ್ತು ಒತ್ತಿ ಹಿಡಿದರೆ ಬಿಸಿಯಾಗಿ ತೆಳುಗೋಡೆ ಬಿರಿಯುವ ಭಯವೂ ಇದೆ.

ಇನ್ನು ಹಸಿಮರ. ಮರ ಒಣಗುವಾಗ ಉಂಗುರಗಳ ಸುತ್ತಿನ ದಿಕ್ಕಿನಲ್ಲಿ ಕುಗ್ಗುವಷ್ಟು, ತಿರುಳಿನಿಂದ ತೊಗಟೆಯ ಕಡೆಗಿನ ದಿಕ್ಕಿನಲ್ಲಿ ಕುಗ್ಗುವುದಿಲ್ಲ. ಮೊದಲನೆಯದು ಎರಡನೆಯದರ ಸುಮಾರು ಇಮ್ಮಡಿ. ಅಂದಮೇಲೆ ಹಸಿಯಾಗಿದ್ದಾಗ ಎಷ್ಟು ಗುಂಡಗೆ ಕಡೆದರೇನು? ಒಣಗಿದ ಮೇಲೆ ಮೊಟ್ಟೆಯೇ. ನನ್ನ ಬಾಗಿಲುವಾಡಕ್ಕೆ ಆ ಭಯವಿರಲಿಲ್ಲ. ತಲೆಮಾರುಗಳ ಕಾಲ ಒಣಗಿದ ಮರ ಅದು. ಮರವೇ ಸೊಟ್ಟಗಾಗಿದೆ ಎಂದು ನಾನು ದೂರಿದ್ದೆನಲ್ಲ, ಇಡೀ ಪ್ರಕರಣದಲ್ಲಿ ನಿರಪರಾಧಿಯಾಗಿದ್ದುದು ಅದೊಂದೇ!

ಸಲಾಕೆಯನ್ನೇ ಬಿಟ್ಟರೆ?

ಇಷ್ಟೆಲ್ಲ ಆದ ಮೇಲೆ ಸಿಲ್ವರ್ ಓಕಿನಲ್ಲಿ ಉಗುರಿಗೆ ತಾಗದ ಲೇಖನಿ ಬಂತು. ಆದರೂ ತೇಗದ ಪೆಟ್ಟಿಗೆಯ ಬೀಗ ತೆಗೆಯಲು ಕೈ ಹಿಂಜರಿಯಿತು. ಚನ್ನಪಟ್ಟಣದ ಹಿರಿಯರ ಕೆಲಸ ಕಣ್ಣಮುಂದೆಯೇ ಇತ್ತು: ಮರಕ್ಕೂ ತಿರುಗಣೆಗೂ ನಡುವೆ ಕೈಗಳು ಕಡಿಮೆಯಾದಷ್ಟೂ ಕ್ಷೇಮ. ಹಾಗಾದರೆ ಸಲಾಕೆಯಾದರೂ ಏಕೆ ಬೇಕು?

ಬೇಕಾಗಿಲ್ಲವೆಂದು ವಿಚಾರಿಸಿದಾಗ ತಿಳಿಯಿತು. ಎರಡು ಮೊನೆಗಳ ನಡುವೆಯೇ ಹಿಡಿಯುವಂತಹ ಬಳೆಗಳು ದೊರೆಯುತ್ತವೆ. ಬಳೆಯ ಒಂದು ಪಕ್ಕ ಕೊಳವೆಯೊಳಗೆ ಕೂರುತ್ತದೆ. ಇನ್ನೊಂದು ಪಕ್ಕದ 60 ಡಿಗ್ರಿಯ ಗುಳಿಗೆ ಮೊನೆ ಕೂರುತ್ತದೆ. ತಲೆಯ ಕಡೆ ಒಂದು ಮೊನೆ, ಬಾಲದ ಕಡೆ ಒಂದು ಮೊನೆ, ನಡುವೆ ಒಂದೇ ಒಂದು ತುಂಡು. ಸಲಾಕೆಯಿಲ್ಲ, ನಟ್ಟಿಲ್ಲ. ಹಿಡಿತದ ಉದ್ದವೂ ಅರ್ಧವಾಯಿತು. ಪಕ್ಕದಿಂದ ಒತ್ತಿದಾಗ ಬಾಗುವ ಕಂಬಿಯ ಉದ್ದ ಅರ್ಧವಾದರೆ ಅದರ ಬಾಗು ಎಂಟರಲ್ಲೊಂದು ಪಾಲಿಗಿಳಿಯುತ್ತದೆಂಬುದು ಶಿಲ್ಪವಿಜ್ಞಾನದ ಸಾಮಾನ್ಯ ಲೆಕ್ಕ. ಮೊನೆಯನ್ನು ಬಳೆಯಿಲ್ಲದೆ ನೇರವಾಗಿ ಕೊಳವೆಗೆ ಒತ್ತುವವರೂ ಉಂಟು; ಹಾಗೆ ಮಾಡಿದರೆ ಕೊಳವೆಯ ಬಾಯಿ ಅಗಲವಾಗಿ, ಲೋಹದ ಭಾಗಗಳು ಸಡಿಲವಾಗಬಹುದು. ಸಲಾಕೆಯನ್ನೇ ಬಳಸುವವರು ಒಂದು ಸಲಕ್ಕೆ ಒಂದೇ ತುಂಡನ್ನು ಪೋಣಿಸಿ ಕಡೆದರೂ ಈ ಲಾಭದ ಬಹುಪಾಲು ದಕ್ಕುವುದು.

ಮರದ ಹುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮೂಗಿಗೆ ಮುಸುಕು, ಕಣ್ಣಿಗೆ ಕನ್ನಡಕ ಧರಿಸದೆ ಈ ಕೆಲಸಕ್ಕೆ ಯಾರೂ ಕೈಹಾಕಬಾರದೆಂದು ಇಲ್ಲಿಯೇ ಹೇಳಿಬಿಡುತ್ತೇನೆ.

ಆರು ತುಂಡು, ಮೂರು ಲೇಖನಿ

ಶ್ರಾದ್ಧಕ್ಕೆ ಒಂಬತ್ತು ದಿನವಿರುವಾಗ ಪೆಟ್ಟಿಗೆಯ ಬೀಗ ತೆಗೆದೆ. ದಿನಕ್ಕೊಂದೇ ತುಂಡು, ಅದಕ್ಕಿಂತ ಹೆಚ್ಚಿಲ್ಲವೆಂದು ನಿಯಮ ಮಾಡಿಕೊಂಡೆ. ಕುಳಿ ಒರೆಸಿ, ತುದಿ ಸಮಗೊಳಿಸಿ, ಉಳಿಗೆ ಸಾಣೆ ಹಿಡಿದು, ಬೆರಳಿನ ಬಿಗಿಯಲ್ಲಿ ಮೊನೆಯನ್ನು ತಾಗಿಸಿದೆ. ಕಡೆದು ಮುಗಿಸಿದ ಮೊದಲನೆಯ ತುಂಡಿನ ತುದಿಯಲ್ಲಿ ಹೆಬ್ಬೆರಳ ಉಗುರನ್ನು ಸುತ್ತಲೂ ಆಡಿಸುವಾಗ ಉಸಿರು ಬಿಗಿಹಿಡಿದಿದ್ದೆ. ಉಗುರು ಮರದಿಂದ ಲೋಹಕ್ಕೆ, ಲೋಹದಿಂದ ಮರಕ್ಕೆ ತಡೆಯಿಲ್ಲದೆ ಹರಿಯಿತು. ಆರು ದಿನಗಳಲ್ಲಿ ಆರು ತುಂಡುಗಳೂ ಮುಗಿದವು. ಒಂದೂ ಕೆಡಲಿಲ್ಲ.

ಶ್ರಾದ್ಧದ ದಿನ ಊಟವಾದ ಮೇಲೆ ಅಕ್ಕನಿಗೊಂದು, ಅಣ್ಣನಿಗೊಂದು, ತಂಗಿಗೊಂದು ಲೇಖನಿಯನ್ನು ಕೊಟ್ಟೆ. ಯಾವ ಮರವೆಂದು ಹೇಳಲಿಲ್ಲ. ಅಕ್ಕನಿಗೆ ಈಗ ಕಣ್ಣು ಮಂಜು. ಅವಳು ಲೇಖನಿಯನ್ನು ಬೆರಳುಗಳ ನಡುವೆ ಹೊರಳಿಸಿದಳು, ಮೂಗಿನ ಬಳಿ ಹಿಡಿದಳು. “ನಡುಮನೆಯದಲ್ಲವೇನೋ?” ಎಂದಳು. ನಾನು ಹೂಂ ಎಂದೆ. ನನ್ನ ಬುದ್ಧಿಯ ನಿವೃತ್ತಿಯನ್ನು ಸಾರಿದ್ದ ಅಣ್ಣ ಮಾತಾಡಲಿಲ್ಲ. ಪಂಚಾಂಗದ ಹಿಂದಿನ ಖಾಲಿ ಹಾಳೆಯಲ್ಲಿ ತಂದೆಯವರ ಹೆಸರನ್ನು ಒಮ್ಮೆ ಬರೆದು ನೋಡಿ, ಲೇಖನಿಯನ್ನು ಎದೆಯ ಜೇಬಿಗೆ ಸಿಕ್ಕಿಸಿಕೊಂಡ.

“ನಿನ್ನದೆಲ್ಲಿ?” ಎಂದು ತಂಗಿ ಕೇಳಿದಳು.

ನನ್ನದನ್ನು ತೋರಿಸಿದೆ. ಅದು ಮೊದಲನೆಯದು, ನಡುವಿನ ಉಂಗುರದ ಬಳಿ ಒಂದು ಕಡೆ ಮೆಟ್ಟಿಲೆದ್ದದ್ದು. ಅದನ್ನು ಬಿಸಾಡಲು ಮನಸ್ಸು ಬರಲಿಲ್ಲ. ತಿದ್ದಲೂ ಹೋಗಲಿಲ್ಲ. ಈ ಲೇಖನವನ್ನು ಬರೆದುದೂ ಅದರಲ್ಲೇ. ಬರೆಯುವಾಗ ಆ ಮೆಟ್ಟಿಲು ಹೆಬ್ಬೆರಳಿಗೆ ತಾಗುತ್ತಲೇ ಇರುತ್ತದೆ. ತಾಗಿದಾಗಲೆಲ್ಲ ಹಿಡಿತವನ್ನು ಕೊಂಚ ಸಡಿಲಿಸುತ್ತೇನೆ.